ಜೀಪಿನ ಹಿಂದಿನ ಸೀಟಿನ ಮಾತು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಹೊರಟು ಹಿಂದಕ್ಕೆ ಸರಿದಿದ್ದೇನೆ. ಮೊದಲು ಹೆಂಡತಿಗೆ ಹೇಳೋಣವೆಂದುಕೊಂಡೆ; ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಅವಳೇ ಹೋದಳು. ಒಮ್ಮೆ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಕೂತೆ. "ಏನಪ್ಪ, ಮುಖ ಯಾಕೆ ಬಾಡಿದೆ?" ಎಂದರು. "ಮಂಡಿ ನೋವು, ಬುದ್ಧಿ" ಎಂದು ಹೇಳಿ ಎದ್ದು ಬಂದೆ. ಮಂಡಿ ನೋವು ಆಗ ಇರಲಿಲ್ಲ. ಈಗ ನಿಜವಾಗಿಯೂ ಬಂದಿದೆ.

ಈಗಲೂ ನಾನಾಗಿ ಬರೆಯುತ್ತಿಲ್ಲ. ಹೆದರಿಕೆ ಬರೆಸುತ್ತಿದೆ.

ನಾಲ್ಕು ತಿಂಗಳ ಹಿಂದೆ ಚಿತ್ರದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಮೊಮ್ಮಗಳು ಕಾಲೇಜಿನಿಂದ ಬಂದವಳು ಗೋಡೆಗೊರಗಿ ಮೊಬೈಲಿನಲ್ಲಿ ಯಾವುದೋ ಚಿತ್ರದ ಕತೆ ನೋಡುತ್ತಿದ್ದಳು. ದೊಡ್ಡ ಕಣ್ಣಿನ ಹುಡುಗ ಹುಡುಗಿಯರು, ಬಣ್ಣ ಬಣ್ಣದ ಕೂದಲು. ಮಾತು ಜಪಾನಿನದು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ನಾನು ಅತ್ತ ನೋಡುತ್ತಲೂ ಇರಲಿಲ್ಲ. ಒಂದು ಹೆಣ್ಣುದನಿ ಬಿಕ್ಕುತ್ತಾ "ದರೆನಿಮೊ ಇವನಾಯ್ದೆ" ಎಂದಿತು.

"ಯಾರಿಗೂ ಹೇಳಬೇಡ ಅಂತಾಳಲ್ಲ, ಏನು ಮಾಡಿದ್ದಾಳಂತೆ?" ಎಂದೆ.

ನನ್ನ ಬಾಯಿಂದ ಅದು ಬಂದದ್ದು ನನಗೆ ತಿಳಿದದ್ದು ಆಮೇಲೆ. ಮೊಮ್ಮಗಳು ಮೊಬೈಲ್ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಜ್ಜ, ನಿಂಗೆ ಹೆಂಗೆ ಗೊತ್ತಾತು?"

"ಅಳ್ತಾಳಲ್ಲ, ಅದಕ್ಕೆ ಅಂದೆ."

"ಸುಳ್ಳು ಹೇಳಬ್ಯಾಡ. ಅದೇ ಮಾತು ಕೆಳಗೆ ಬಂದೈತೆ ನೋಡು." ಮತ್ತೆ ಹಿಂದಕ್ಕೆ ಎಳೆದು ಹಾಕಿದಳು. ಇನ್ನೊಂದು ಮಾತು ಕೇಳಿಸಿದಳು, ಮತ್ತೊಂದು ಕೇಳಿಸಿದಳು. ಕೆಲವು ಗೊತ್ತಾಗಲಿಲ್ಲ, ಕೆಲವು ಬೇಡವೆಂದರೂ ಗೊತ್ತಾದವು. ಗೊತ್ತಾದಾಗ ನನ್ನ ಮುಖ ಹೇಳಿಬಿಡುತ್ತಿತ್ತು. ಅವಳು ಕುಣಿದಾಡಿದಳು. "ಅವ್ವಾ, ಬಾರೇ ಇಲ್ಲಿ, ನಮ್ಮಜ್ಜಂಗೆ ಜಪಾನಿ ಬರ್ತೈತೆ!" ನಾನು ಥಟ್ಟನೆ ಎದ್ದೆ, ಮಡಿಲಲ್ಲಿದ್ದ ಶೇಂಗಾ ಚೆಲ್ಲಿತು. ಅವರೆಲ್ಲ ಅದನ್ನು ನನ್ನ ನಾಚಿಕೆ ಎಂದುಕೊಂಡರು.

ಜಪಾನಿ ಭಾಷೆಯನ್ನು ನಾನು ಕಲಿತವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಲೈಸೆನ್ಸ್ ಮಾಡಿಸಿಕೊಂಡವನು. ಆದರೆ ವಯಸ್ಸಿನಲ್ಲಿದ್ದಾಗ ಒಂದೂವರೆ ವರ್ಷ ಇಬ್ಬರು ಜಪಾನೀಯರನ್ನು ಜೀಪಿನಲ್ಲಿ ಕೂರಿಸಿಕೊಂಡು ಈ ಜಿಲ್ಲೆ ತಿರುಗಿದ್ದೇನೆ. ರೇಷ್ಮೆಹುಳ ಸಾಕುವ ಮನೆಗಳಿಗೆ ಹೊಸ ತಳಿಯ ಮೊಟ್ಟೆ ಕೊಟ್ಟು, ಅವು ಹೇಗೆ ಬರುತ್ತವೆ ಎಂದು ನೋಡಲು ಬಂದವರು ಅವರು. ಒಬ್ಬರು ವಯಸ್ಸಾದವರು, ತೆಳ್ಳಗೆ, ಸದಾ ಕುತ್ತಿಗೆಗೊಂದು ಬಿಳಿ ಟವೆಲ್ಲು. ಇನ್ನೊಬ್ಬರು ಇನ್ನೂ ಮೀಸೆ ಗಟ್ಟಿಯಾಗದವರು, ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಳ್ಳುವವರು. ನನ್ನ ಪಕ್ಕದ ಸೀಟಿನಲ್ಲಿ ನಮ್ಮ ರೇಷ್ಮೆ ಇಲಾಖೆಯ ಒಬ್ಬ ಸಾಹೇಬರು ಇರುತ್ತಿದ್ದರು. ಜಪಾನೀಯರು ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದು, ಅವರು ರೈತರಿಗೆ ಕನ್ನಡದಲ್ಲಿ ಹೇಳುವುದು. ಸಾಹೇಬರಿಗೂ ಜಪಾನಿ ಬರುತ್ತಿರಲಿಲ್ಲ. ಹಾಗಾಗಿ ಹಿಂದಿನ ಸೀಟಿನಲ್ಲಿ ಅವರಿಬ್ಬರು ತಮ್ಮತಮ್ಮಲ್ಲೇ ಏನು ಬೇಕಾದರೂ ಮಾತಾಡಿಕೊಳ್ಳುತ್ತಿದ್ದರು.

ಅದು ಹೇಗೆ ನನ್ನ ತಲೆಗೆ ಇಳಿಯಿತೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ಮುಂದೆ ಕುರಿಮಂದೆ ಅಡ್ಡ ಬಂದಾಗಲೆಲ್ಲ ಚಿಕ್ಕವರು "ಹಿತ್ಸುಜಿ" ಎನ್ನುತ್ತಿದ್ದರು. ನಮ್ಮ ಕಡೆ ರಸ್ತೆಯಲ್ಲಿ ಕುರಿಮಂದೆಗೆ ಬರವೇ? ದಿನಕ್ಕೆ ಹತ್ತು ಸಲ ಕೇಳಿದೆ. ಬಿಸಿಲಿಗೆ ದೊಡ್ಡವರು ಟವೆಲ್ಲಿನಿಂದ ಮುಖ ಒರೆಸಿಕೊಂಡು "ಅತ್ಸುಯ್" ಎನ್ನುತ್ತಿದ್ದರು. ಕೆಸರು ಕಾಲಲ್ಲಿ ಜೀಪು ಹತ್ತುವಾಗ ನನ್ನ ಕಡೆ ತಲೆ ಬಾಗಿಸಿ "ಸುಮಿಮಸೆನ್" ಎನ್ನುತ್ತಿದ್ದರು. ಹುಳದ ಮನೆಯಲ್ಲಿ ಕಾಟ ಕೊಡುವ ನೊಣವನ್ನು ನಮ್ಮ ಹೆಣ್ಣುಮಕ್ಕಳು ಊಜಿ ಎನ್ನುವುದನ್ನು ಕೇಳಿ ಅವರಿಬ್ಬರೂ ನಕ್ಕಿದ್ದರು, ಅದು ಅವರ ಊರಿನ ಮಾತೇ ಅಂತೆ. ಬಿಡಿ ಮಾತುಗಳು ಹೀಗೆ ಬಂದವು. ಆದರೆ ಪೂರ್ತಿ ಮಾತು ಹೊಳೆಯತೊಡಗಿದ್ದು ಬೇರೆ ಕಾರಣಕ್ಕೆ. ಶಾಲೆಯಲ್ಲಿ ಇಂಗ್ಲಿಷ್ ನನಗೆ ತಲೆಕೆಳಗಾಗಿ ನಿಂತ ಮನುಷ್ಯನ ಹಾಗೆ ಕಾಣುತ್ತಿತ್ತು. ಇವರ ಮಾತು ನಮ್ಮ ಮಾತಿನ ಸಾಲಿನಲ್ಲೇ ನಡೆಯುತ್ತಿತ್ತು. ಯಾರು, ಯಾವುದನ್ನು, ಎಲ್ಲಿಂದ, ಎಲ್ಲ ಹೇಳಿ ಕೊನೆಗೆ ಏನು ಮಾಡಿದರು ಎಂಬುದು. ನಾನು ಸ್ಟಿಯರಿಂಗ್ ಹಿಡಿದು ಆ ಕೊನೆಯ ಮಾತಿಗೆ ಕಾಯುತ್ತಿದ್ದೆ, ಅದು ಬಂದು ಬೀಳುತ್ತಿತ್ತು.

ಮೊದಲು ಹೆದರಿದ್ದು ಅದಕ್ಕೇ. ಒಂದು ಮಧ್ಯಾಹ್ನ ಹೊಸದುರ್ಗದ ದಾರಿಯಲ್ಲಿ ದೊಡ್ಡವರು ಹಿಂದಿನಿಂದ ಮೆತ್ತಗೆ ಏನೋ ಅಂದರು. ನಾನು ಜೀಪು ನಿಲ್ಲಿಸಿದೆ. ಸಾಹೇಬರು ನಿದ್ದೆಯಿಂದ ಎದ್ದು "ಯಾಕೋ ನಿಲ್ಲಿಸಿದೆ?" ಎಂದರು. ಕನ್ನಡಿಯಲ್ಲಿ ನೋಡಿದರೆ ನಾಲ್ಕೂ ಕಣ್ಣು ನನ್ನ ಬೆನ್ನ ಮೇಲೆ. ಆ ಹುಣಸೆಮರದ ಕೆಳಗೆ ನಿಲ್ಲಿಸಲಿ ಎಂದು ಅವರು ಅಂದಿದ್ದರು, ನಾನು ಅದನ್ನು ಕೇಳಿ ನಿಲ್ಲಿಸಿದ್ದೆ. "ಟೈರು ಸದ್ದು ಮಾಡ್ತು ಸಾರ್" ಎಂದು ಇಳಿದು ಟೈರನ್ನು ಕಾಲಿನಿಂದ ಒದ್ದೆ.

ಸಣ್ಣವನಿದ್ದಾಗ ನಮ್ಮ ಕೇರಿಯಲ್ಲಿ ಒಬ್ಬಾಕೆಯ ಮೈಮೇಲೆ ಗಾಳಿ ಬಂದು ಗೊತ್ತಿಲ್ಲದ ಮಾತಾಡುತ್ತಿದ್ದಳು. ಬೇವಿನ ಸೊಪ್ಪಿನಲ್ಲಿ ಹೊಡೆಯುತ್ತಿದ್ದರು. ನನಗೂ ಅಂಥದ್ದೇನೋ ತಗುಲಿದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಿನ ಹೆದರಿಕೆ ಕೆಲಸದ್ದು. ನಮ್ಮ ಡ್ರೈವರುಗಳಲ್ಲಿ ಒಂದು ಕಟ್ಟಳೆ ಉಂಟು, ಹಿಂದಿನ ಸೀಟಿನ ಮಾತು ಮುಂದಿನ ಸೀಟಿಗೆ ಕೇಳಬಾರದು. ಕೇಳಿಸಿಕೊಂಡ ಡ್ರೈವರನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆವತ್ತಿನಿಂದ ನಾನು ಕಿವುಡನಾದೆ. ಅವರು ತಮಾಷೆ ಮಾಡಿದರೆ ನಗು ಬರುತ್ತಿತ್ತು, ಕೆಮ್ಮಿ ನುಂಗುತ್ತಿದ್ದೆ. ಹಾಗೆ ಕೆಮ್ಮಿ ಕೆಮ್ಮಿ ನನಗೆ ಕ್ಷಯವಿರಬಹುದೆಂದು ಅವರಿಬ್ಬರೂ ಮಾತಾಡಿಕೊಂಡರು. ಅದೂ ಕೇಳಿಸಿತು.

ಐಮಂಗಲದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ರೈತರ ಮನೆ. ಅತ್ತೆ, ಮಗ, ಸೊಸೆ ಮೂರೇ ಜನ. ಹುಳದ ಮನೆ ನಡೆಸುವವಳು ಸೊಸೆ. ಮದುವೆಯಾಗಿ ಮೂರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಆ ಮಾತು ಅತ್ತೆಯ ಬಾಯಲ್ಲಿ ಸದಾ ಇರುತ್ತಿತ್ತು. ಆದರೆ ಹುಳ ಅವಳ ಕೈಯಲ್ಲಿ ಚೆನ್ನಾಗಿ ಬರುತ್ತಿದ್ದವು. ಆ ಮನೆಯಲ್ಲಿ ಅವಳಿಗಿದ್ದ ಜಾಗವೆಂದರೆ ಅದೇ. ನಾವು ಹೋದಾಗ ಸಾಹೇಬರುಗಳಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಜೀಪಿನ ಹತ್ತಿರ ನಿಂತ ನನಗೂ ತಂದು ಕೊಡುತ್ತಿದ್ದಳು. "ಡ್ರೈವರಣ್ಣ, ಬರ್ರಿ, ನೆರಳಿಗೆ ಕುಂತ್ಕಳ್ರಿ" ಎನ್ನುತ್ತಿದ್ದಳು. ಉಳಿದ ಮನೆಗಳಲ್ಲಿ ನಾನು ಬರೀ ಡ್ರೈವರು.

ಒಂದು ಸಲ ಅವಳು ಜೀಪಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಅಣ್ಣ, ಹುಳ ಮೂರನೇ ಜ್ವರ ಎದ್ದವೆ." ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಜ್ವರ ಎದ್ದ ಮೇಲೆ ಹುಳಕ್ಕೆ ಹಸಿವೋ ಹಸಿವು, ಹಿಪ್ಪುನೇರಳೆ ಸೊಪ್ಪು ಎಷ್ಟಿದ್ದರೂ ಸಾಲದು. "ನಮ್ಮ ತೋಟದ ಸೊಪ್ಪು ಸಾಲಲ್ಲ ಅನ್ನಿಸ್ತೈತೆ. ನೀನು ಊರೂರು ತಿರುಗ್ತೀಯ. ಎಲ್ಲಾದ್ರೂ ಒಳ್ಳೆ ಸೊಪ್ಪಿದ್ರೆ ನೋಡಣ್ಣ."

"ನೋಡಾಣ ಬಿಡವ್ವ" ಎಂದೆ.

ಮರುದಿನ ನಾವು ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿಗೆ ಹೋದೆವು. ಅಲ್ಲಿನ ಮನೆಯಲ್ಲಿ ಹುಳ ಹಾಲು ರೋಗ ಬಂದು ಸಾಯುತ್ತಿದ್ದವು. ಮೈ ಊದಿ, ಮುಟ್ಟಿದರೆ ಬಿಳಿ ಹಾಲಿನಂಥದ್ದು ಒಸರುತ್ತಿತ್ತು. ಚಿಕ್ಕವರು ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆಯಾಡಿಸಿದರು. ದೊಡ್ಡವರು ಜಪಾನಿಯಲ್ಲಿ, ಹುಳ, ಅವು ತಿಂದುಬಿಟ್ಟ ಕಸ, ಆ ಮನೆಯೊಳಗೆ ರಾಶಿ ಹಾಕಿದ್ದ ಸೊಪ್ಪು, ಎಲ್ಲ ಸುಡಬೇಕು ಎಂದರು. "ಮೊಯಾಸು" ಎಂಬ ಮಾತು ನನಗೆ ಆಗಲೇ ಗೊತ್ತಿತ್ತು. ಸಾಹೇಬರು ಅದನ್ನೇ ಕನ್ನಡದಲ್ಲಿ ಹೇಳಿದರು. ಸುಡಬೇಕಾದದ್ದನ್ನೆಲ್ಲ ಚೀಲಕ್ಕೆ ತುಂಬಿಸಿ, ಅವುಗಳ ಮೇಲೆ ಚಿಕ್ಕವರು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದರು.

ಅವರು ತೋಟ ನೋಡಲು ಆಚೆ ಹೋದಾಗ ಮನೆಯ ಯಜಮಾನ ನನ್ನ ಹತ್ತಿರ ಬಂದ. "ಹುಳ ಸುಡ್ತೀನಪ್ಪ, ಒಪ್ಪಿದೆ. ಹಸಿರು ಸೊಪ್ಪು ಸುಡು ಅಂತಾರಲ್ಲ, ಅದೇನು ಹೆಣಾನಾ? ಬೆಳಿಗ್ಗೆ ಕೊಯ್ದಿದ್ದು. ಶಿವ ಮೆಚ್ಚತಾನಾ?"

ಅವನ ಮಾತು ನನಗೆ ಸರಿಯೆನಿಸಿತು. ಹಸಿರನ್ನು ಬೆಂಕಿಗೆ ಹಾಕುವುದು ನಮ್ಮಲ್ಲಿ ಪಾಪ. ಬಾಡಿದ್ದರೆ ದನಕ್ಕೆ, ಕೊಳೆತಿದ್ದರೆ ತಿಪ್ಪೆಗೆ. ಬೆಂಕಿಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ. ದೂರದೇಶದವರಿಗೆ ಇದು ತಿಳಿಯದು ಎಂದುಕೊಂಡೆ. "ನಾನು ಒಯ್ತೀನಿ ಕೊಡ್ರಿ" ಎಂದು ಸೊಪ್ಪಿನ ಎರಡು ಚೀಲ ಜೀಪಿನ ಹಿಂದೆ, ಟಾರ್ಪಾಲಿನ ಅಡಿಗೆ ತಳ್ಳಿದೆ. ಕೆಂಪು ಗೆರೆ ಒಳಗೆ ಹೋಗುವಂತೆ ಮಡಚಿದೆ. ಮಡಚಿದೆ ಎಂದರೆ ನನಗೆ ಗೊತ್ತಿತ್ತು ಎಂದೇ ಅರ್ಥ. ಎರಡು ಭಾಷೆಯಲ್ಲಿ ಹೇಳಿದ್ದನ್ನು ಎರಡು ಭಾಷೆಯಲ್ಲೂ ಕೇಳಿದ್ದೆ.

ಸಂಜೆ ಸಾಹೇಬರುಗಳನ್ನು ಚಿತ್ರದುರ್ಗದಲ್ಲಿ ಇಳಿಸಿ, ಡೀಸೆಲ್ ಹಾಕಿಸುವ ನೆಪದಲ್ಲಿ ಐಮಂಗಲಕ್ಕೆ ಹೋಗಿ ಚೀಲ ಕೊಟ್ಟು ಬಂದೆ. ಅವಳು ಸೊಪ್ಪಿಗೆ ಕೈಯಿಟ್ಟು "ಎಷ್ಟು ತಣ್ಣಗೈತಣ್ಣ, ಎಲ್ಲೀದು?" ಎಂದಳು.

"ಒಳ್ಳೆ ತೋಟದ್ದು" ಎಂದೆ.

ಅತ್ತೆಯೂ ಆವತ್ತು ನನ್ನನ್ನು ಒಳಗೆ ಕರೆದು ರೊಟ್ಟಿ ಬಡಿಸಿದಳು. "ನಿನ್ನಂಥ ಮಗ ಇರಬೇಕು ನೋಡಪ್ಪ" ಎಂದಳು. ನಾನು ತಿಂದೆ.

ಅದಾದ ಒಂದೆರಡು ದಿನಕ್ಕೆ ಸೊಸೆಯ ತವರಿನಲ್ಲಿ, ಹೊಸದುರ್ಗದ ಕಡೆಯ ಹಳ್ಳಿಯಲ್ಲಿ, ಅವಳ ಸೋದರಮಾವ ತೀರಿಕೊಂಡ. ಅವಳು ಮಣ್ಣಿಗೆ ಹೋಗಿ ಅಂದೇ ತಿರುಗಿ ಬಂದಳು, ಹುಳ ಬಿಟ್ಟಿರಲಾಗದೆ. ಹುಳದ ಮನೆಗೆ ಸಾವಿನ ಮನೆಯಿಂದ ಬಂದವರು ಕಾಲಿಡಬಾರದು ಎಂಬುದು ಈ ಕಡೆಯ ಎಲ್ಲರ ನಂಬಿಕೆ. ಅವಳು ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆಯುಟ್ಟು ಒಳಗೆ ಹೋದಳು. ಸೊಪ್ಪು ಹಾಕಲು ಇನ್ನೊಬ್ಬರು ಯಾರಿದ್ದರು?

ಮುಂದಿನ ಸಲ ನಾವು ಹೋದಾಗ ಜೀಪಿನ ಸದ್ದಿಗೆ ಯಾರೂ ಹೊರಗೆ ಬರಲಿಲ್ಲ. ಒಳಗಿನಿಂದ ಹುಳಿ ನಾತ ಬರುತ್ತಿತ್ತು. ಹೊಳಲ್ಕೆರೆ ಕಡೆಯ ಆ ಮನೆಯಲ್ಲಿ ಬಂದಿದ್ದ ನಾತವೇ.

ಜಪಾನೀಯರಿಬ್ಬರು ಒಳಗೆ ಹೋಗಿ ಬಂದರು. ಚಿಕ್ಕವರ ಮುಖ ಬಿಳಿಚಿತ್ತು. ದೊಡ್ಡವರು ಗೋಡೆಯ ಪಕ್ಕ ಹೋಗಿ ನಿಂತರು. ಅಲ್ಲಿ ಹಗ್ಗದ ಮೇಲೆ ಎರಡು ಚೀಲ ಒಣಹಾಕಿದ್ದವು. ಅವಳು ಅಚ್ಚುಕಟ್ಟಿನ ಹೆಂಗಸು, ಖಾಲಿ ಚೀಲವನ್ನೂ ಬಿಸಾಡದೆ ತೊಳೆದು, ಮಡಿಕೆ ಬಿಚ್ಚಿ ಹರವಿದ್ದಳು. ಕೆಂಪು ಗೆರೆ ಬಿಸಿಲಲ್ಲಿ ಎದ್ದು ಕಾಣುತ್ತಿತ್ತು.

ದೊಡ್ಡವರು ಆ ಗೆರೆಯನ್ನು ಬೆರಳಿನಿಂದ ಮುಟ್ಟಿದರು. ನಾನು ಬಾನೆಟ್ ಒರೆಸುತ್ತಾ ಹತ್ತು ಮಾರು ದೂರದಲ್ಲಿದ್ದೆ. ಅವರ ಬಾಯಿಂದ "ಉನ್ತೆನ್ಶು" ಎಂಬ ಮಾತು ಬಂತು. ಡ್ರೈವರ್ ಎಂದು ಅರ್ಥ. ಕೊನೆಯ ಮಾತಿಗೆ ಕಾದೆ. ಬಾರದಿರಲಿ ಎಂದು ಬೇಡಿಕೊಳ್ಳುತ್ತಾ ಕಾದೆ.

"ಮೊತ್ತೆ ಕಿತಾ."

ತಂದಿದ್ದಾನೆ.

ಚಿಕ್ಕವರು ಸಿಟ್ಟಿನಿಂದ ಸಾಹೇಬರ ಕಡೆ ಹೊರಟರು. ದೊಡ್ಡವರು ಅವರ ತೋಳು ಹಿಡಿದರು. ಒಂದೊಂದಾಗಿ ಬಂದ ಆ ಮಾತುಗಳು ಇವತ್ತಿಗೂ ನನ್ನ ಕಿವಿಯಲ್ಲಿವೆ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಕೆಟ್ಟ ಮನಸ್ಸಿನಿಂದ ತಂದದ್ದಲ್ಲ. ಹುಳ ಹೇಗೂ ಹೋದವು. ಪಾಪ. ಇವನಾಯ್ದೆ. ಹೇಳಬೇಡ.

ಆಮೇಲೆ ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ರೋಗ ಬಂದಿದೆ, ಎಲ್ಲ ಸುಟ್ಟು ಮನೆ ತೊಳೆಯಲಿ, ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಎಂದಷ್ಟೇ ಹೇಳಿದರು. ನಾನು ಬಂಪರಿನ ಮೇಲೆ ಕೂತೆ. ಬದುಕಿದೆ ಎಂದುಕೊಂಡೆ.

ಅಷ್ಟರಲ್ಲಿ ಅತ್ತೆಯ ದನಿ ಎದ್ದಿತು. "ಸಾವಿನ ಮನೆ ಗಾಳಿ ಸೆರಗಲ್ಲಿ ಕಟ್ಕೊಂಡು ಬಂದ್ಲು! ಒಳಗೆ ಹೋಗಬ್ಯಾಡ ಅಂದೆ, ಕೇಳಿದ್ಲಾ? ನನ್ನ ಮನೆಗೆ ಕೂಸು ಕೊಡಲಿಲ್ಲ, ಹುಳಾನೂ ಉಳಿಸಲಿಲ್ಲ. ಇವಳು ಮುಟ್ಟಿದ್ದೇ ಸಾಯ್ತೈತೆ!" ಮಗ ಕಂಬ ಹಿಡಿದು ನೆಲ ನೋಡುತ್ತಿದ್ದ. ಸೊಸೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೂ ಸೊಪ್ಪಿನ ಬುಟ್ಟಿ. ಜಪಾನೀಯರು ಸಾಹೇಬರನ್ನು ಏನೆಂದು ಕೇಳಿದರು. "ಬೆಳೆ ಹೋಯಿತೆಂದು ದುಃಖಪಡುತ್ತಿದ್ದಾರೆ" ಎಂದರು ಸಾಹೇಬರು. ಮನೆಯ ಜಗಳ ಪರದೇಶದವರಿಗೆ ಏಕೆ ಎಂದು ಹಾಗೆ ಹೇಳಿರಬೇಕು. ಅವರ ತಪ್ಪಲ್ಲ.

ಆಗ ನನಗೆ ಹೊಳೆಯಿತು. ರೋಗ ಎಲ್ಲಿಂದ ಬಂತೆಂದು ಜಪಾನೀಯರಿಗೆ ಗೊತ್ತು, ಆದರೆ ಅದಕ್ಕೆ ಯಾರನ್ನು ಬೈಯುತ್ತಿದ್ದಾರೆಂದು ಗೊತ್ತಿಲ್ಲ. ಮನೆಯವರಿಗೆ ಬೈಯುವುದು ಗೊತ್ತು, ರೋಗ ಎಲ್ಲಿಂದ ಬಂತೆಂದು ಗೊತ್ತಿಲ್ಲ. ಬೈಗುಳ ಯಾರಿಗೆಂದು ಗೊತ್ತಿದ್ದರೆ ಆ ದೊಡ್ಡವರು ಸುಮ್ಮನಿರುತ್ತಿರಲಿಲ್ಲ. ಎರಡೂ ಗೊತ್ತಿರುವವನು ಆ ಅಂಗಳದಲ್ಲಿ ನಾನೊಬ್ಬನೇ. ಒಂದು ಮಾತು ಸಾಕಿತ್ತು. ಆಡಿದರೆ ಜೀಪಿನ ಕೆಲಸ ಹೋಗುತ್ತದೆ, ಬೆಳೆಯ ನಷ್ಟ ನನ್ನ ತಲೆಗೆ ಬರುತ್ತದೆ, ಊರವರು ಬಿಡುವುದಿಲ್ಲ. ಬಟ್ಟೆ ಹಿಡಿದು ಮತ್ತೆ ಬಾನೆಟ್ ಒರೆಸತೊಡಗಿದೆ.

ಅತ್ತೆ ಸಾಹೇಬರ ಮುಂದೆ ಕೈ ಮುಗಿದಳು. "ಹಿರಿಯೂರು ಕಡೆ ಹೋಗ್ತೀರಲ್ಲ ಸ್ವಾಮಿ, ಇವಳನ್ನ ಬಸ್‌ಸ್ಟ್ಯಾಂಡಲ್ಲಿ ಇಳಿಸಿಬಿಡ್ರಿ. ತವರಿಗೆ ಹೋಗಿ ಸ್ವಲ್ಪ ದಿನ ಇರಲಿ." ಸಾಹೇಬರು ನನ್ನ ಕಡೆ ನೋಡಿದರು. ನಾನು ಹಿಂದಿನ ಬಾಗಿಲು ತೆಗೆದೆ.

ಅವಳು ಒಂದು ಬಟ್ಟೆಯ ಗಂಟು ಹಿಡಿದು ಜಪಾನೀಯರ ಎದುರಿನ ಅಡ್ಡಸೀಟಿನಲ್ಲಿ ಮುದುಡಿ ಕೂತಳು. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಜೀಪು ಓಡುತ್ತಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ದೊಡ್ಡವರು ಚಿಕ್ಕವರನ್ನು ಕೇಳಿದರು, ಏಕೆ ಅಳುತ್ತಿದ್ದಾಳೆ? ಚಿಕ್ಕವರು ಗೊತ್ತಿಲ್ಲ ಎಂದರು, ಹುಳಗಳಿಗಾಗಿ ಇರಬೇಕು ಎಂದರು. "ಕವಾಯ್‌ಸೋ" ಎಂದರು ದೊಡ್ಡವರು. ಅಂಗಳದಲ್ಲಿ ನನಗೆ ಅಂದಿದ್ದ ಮಾತೇ ಅದು. ಪಾಪ.

ಆಗ ಅವಳು ನನ್ನ ಸೀಟಿನ ಬೆನ್ನು ಹಿಡಿದು ಮುಂದೆ ಬಾಗಿದಳು.

"ಅಣ್ಣ, ಮೂರು ಸಲ ತಲೆಗೆ ನೀರು ಹಾಕ್ಕಂಡೆ ಅಣ್ಣ. ಆಮ್ಯಾಲೇ ಒಳಗೆ ಹೋದೆ. ನೀನು ಎಷ್ಟು ಹುಳದ ಮನೆ ನೋಡಿದೀಯ. ನೀನೇ ಹೇಳಣ್ಣ, ಇದು ನನ್ನಿಂದ ಆಗಿದ್ದಾ?"

ಹಿಂದೆ ಒಂದು ಭಾಷೆ ಕೇಳುತ್ತಿತ್ತು, ಕಿವಿಯ ಪಕ್ಕದಲ್ಲಿ ಇನ್ನೊಂದು. ಎರಡಕ್ಕೂ ಉತ್ತರ ನನ್ನ ಹತ್ತಿರ ಇತ್ತು.

"ಯಾರಿಗ್ಗೊತ್ತವ್ವ" ಎಂದೆ. "ಎಲ್ಲ ಶಿವನ ಇಚ್ಛೆ."

ಅವಳು ಸೀಟಿನಿಂದ ಕೈ ತೆಗೆದಳು. ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ನಿಂತಿತ್ತು. ಗಂಟು ಇಳಿಸಿಕೊಟ್ಟೆ. "ಹೋಗಿ ಬರ್ತೀನಣ್ಣ" ಎಂದಳು. ದೊಡ್ಡವರು ಜೀಪಿನಿಂದ ಕೆಳಗಿಳಿದು ಅವಳಿಗೆ ತಲೆ ಬಾಗಿಸಿದರು. ನಾನು ಟೈರು ನೋಡುತ್ತಾ ನಿಂತಿದ್ದೆ.

ಗಂಡ ಕರೆಯಲು ಹೋಗಲಿಲ್ಲ. ಸ್ವಲ್ಪ ಕಾಲದ ಮೇಲೆ ಆ ಮನೆಗೆ ಇನ್ನೊಬ್ಬ ಸೊಸೆ ಬಂದಳು. ಜಪಾನೀಯರು ತಮ್ಮ ದೇಶಕ್ಕೆ ಹೋದರು. ಹೊರಡುವಾಗ ದೊಡ್ಡವರು ನನ್ನ ಕೈ ಹಿಡಿದು ಜಪಾನಿಯಲ್ಲಿ, ನೀನು ಒಳ್ಳೆಯ ಮನುಷ್ಯ ಎಂದರು. ಅರ್ಥವಾಗದವನಂತೆ ಹಲ್ಲು ಬಿಟ್ಟೆ.

ಆಮೇಲೆ ನಾನು ಬಸ್ಸು ಓಡಿಸಿದೆ, ಟೆಂಪೋ ಓಡಿಸಿದೆ, ಮಕ್ಕಳನ್ನು ಓದಿಸಿದೆ. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಅವಳು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾಳೆಂದು ಒಬ್ಬ ಕಂಡಕ್ಟರ್ ಹೇಳಿದ. ಒಮ್ಮೆ ಪ್ರಯಾಣಿಕನಾಗಿ ಹೋಗುವಾಗ ಬಸ್ಸಿನಿಂದ ಕಂಡೆ. ಎಣ್ಣೆ ಬಾಣಲೆಯ ಮುಂದೆ ಕೂತಿದ್ದಳು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ತಲೆ ತಗ್ಗಿಸಿ ಆಚೆ ಸೀಟಿಗೆ ಹೋಗಿ ಕೂತೆ. ಆಮೇಲೆ ಆ ಊರಿನಲ್ಲಿ ಮದುವೆಯಿದ್ದರೂ ಹೋಗುತ್ತಿರಲಿಲ್ಲ.

ಮೊಮ್ಮಗಳಿಗೆ ಇದೆಲ್ಲ ಏನು ಗೊತ್ತು? ನಾನು ಬೇಡವೆಂದರೂ ವಿಡಿಯೋ ಮಾಡಿದಳು. ಅದರಲ್ಲಿ ಅವಳು ಜಪಾನಿ ಮಾತು ಹಾಕುತ್ತಾಳೆ, ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ನಗುತ್ತಾಳೆ. "ಎಲ್ಲಿ ಕಲಿತೆ ಅಜ್ಜ?" ಎಂದು ಕೇಳುತ್ತಾಳೆ. "ಜೀಪು ಓಡಿಸ್ತಾ ಕಿವಿಗೆ ಬಿತ್ತು" ಎನ್ನುತ್ತೇನೆ. ಅದು ಯಾರ್ಯಾರದೋ ಮೊಬೈಲಿಗೆ ಹೋಯಿತು. ಹಾಲಿನ ಅಂಗಡಿಯವನೂ "ಏನ್ ಜಪಾನಿ ಯಜಮಾನ್ರೇ!" ಎಂದು ಕರೆಯತೊಡಗಿದ. ನನಗೆ ಊಟ ಸೇರುತ್ತಿರಲಿಲ್ಲ. ಯಾರಾದರೂ ಮೊಬೈಲ್ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಹೊಸದುರ್ಗದಲ್ಲಿ ಅವಳು ನೋಡಿದರೆ? ನೋಡಿ, ರೋಗ ಎಲ್ಲಿಂದ ಬಂತೆಂದು ನನಗೆ ಆಗಲೇ ಗೊತ್ತಿತ್ತು ಎಂದು ಲೆಕ್ಕ ಹಾಕಿದರೆ?

ಹಾಗೆ ಹೆದರಿ ಬದುಕುವುದಕ್ಕಿಂತ ಹೋಗಿ ಹೇಳಿಬಿಡುವುದೇ ಮೇಲು ಎಂದು ಹೋದ ವಾರ ಹೊಸದುರ್ಗದ ಬಸ್ಸು ಹತ್ತಿದೆ. ಹೊಳಲ್ಕೆರೆ ದಾಟುವಾಗ ಇಳಿದುಬಿಡಬೇಕೆನಿಸಿತು. ಇಳಿಯಲಿಲ್ಲ.

ಅಂಗಡಿಯ ಮುಂದೆ ನಿಂತೆ. ಅವಳು ಜಾಲರಿಯಿಂದ ಮೆಣಸಿನಕಾಯಿ ಎತ್ತುತ್ತಿದ್ದವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಡ್ರೈವರಣ್ಣ ಅಲ್ವಾ? ಬರ್ರಿ, ಬರ್ರಿ. ಕುಂತ್ಕಳ್ರಿ." ಸ್ಟೂಲನ್ನು ಸೆರಗಿನಿಂದ ಒರೆಸಿದಳು. "ಮೊನ್ನೆ ಪಕ್ಕದಂಗಡಿ ಹುಡುಗಿ ಮೊಬೈಲಲ್ಲಿ ತೋರಿಸಿದ್ಲು. ಲೇ, ಇವ್ರು ನಮ್ಮ ಡ್ರೈವರಣ್ಣ ಕಣೇ ಅಂದೆ. ನಂಬಲಿಲ್ಲ ಅವಳು. ಎಷ್ಟು ಸೊರಗಿದೀಯಣ್ಣ."

ಕಾಗದದಲ್ಲಿ ಮಂಡಕ್ಕಿ ಹಾಕಿ, ಮೇಲೆ ಎರಡು ಮೆಣಸಿನಕಾಯಿ ಇಟ್ಟು ನನ್ನ ಕೈಗೆ ಕೊಟ್ಟಳು. ನನಗೆ ಅದನ್ನು ಹಿಡಿಯಲೂ ಆಗುತ್ತಿರಲಿಲ್ಲ.

"ಆವತ್ತು ಕಷ್ಟಕಾಲದಲ್ಲಿ ಸೊಪ್ಪು ತಂದುಕೊಟ್ಟೋನು ನೀನೊಬ್ಬನೇ" ಎಂದಳು. "ಮರೆತಿಲ್ಲ ನಾನು." ಬಾಣಲೆಗೆ ಇನ್ನೆರಡು ಮೆಣಸಿನಕಾಯಿ ಬಿಟ್ಟಳು. ಆಮೇಲೆ ಕೇಳಿದಳು. "ಅಣ್ಣ, ಆ ಜಪಾನಿನೋರ ಮಾತು ಆಗಲೇ ನಿಂಗೆ ತಿಳೀತಿತ್ತಾ?"

"ಸ್ವಲ್ಪ" ಎಂದೆ.

"ಹಿರಿಯೂರಿಗೆ ಹೋಗುವಾಗ ಜೀಪಲ್ಲಿ ಅವರಿಬ್ಬರು ನನ್ನ ನೋಡಿ ಏನೋ ಅಂದ್ಕಂಡ್ರು. ಇಷ್ಟು ವರ್ಷ ಅದೊಂದು ತಲೇಲಿ ಉಳಿದುಬಿಟ್ಟೈತೆ. ಅವರೂ ನನ್ನಿಂದಲೇ ಹುಳ ಸತ್ತವು ಅಂದ್ರಾ?"

ಇಷ್ಟು ವರ್ಷ ನಾನು ಹೆದರುತ್ತಿದ್ದ ಪ್ರಶ್ನೆ ಇದಕ್ಕಿಂತ ಕಟುವಾಗಿತ್ತು. ಅವಳು ಇದನ್ನು ಮೆಲ್ಲಗೆ, ಏಟಿಗೆ ಕಾಯುವವರಂತೆ ಕೇಳಿದಳು.

"ಇಲ್ಲ ತಾಯಿ" ಎಂದೆ. "ಯಾಕೆ ಅಳ್ತಾಳೆ ಅಂತ ಕೇಳ್ಕಂಡ್ರು. ಪಾಪ ಅಂದ್ರು. ಅಷ್ಟೇ."

ಅವಳ ಕಣ್ಣು ತುಂಬಿತು. "ಅಷ್ಟು ದೂರದವರು, ಭಾಷೆ ಬಾರದವರು ಕೇಳಿದ್ರಲ್ಲಣ್ಣ ಯಾಕೆ ಅಳ್ತಾಳೆ ಅಂತ" ಎಂದು ಮೂಗು ಒರೆಸಿಕೊಂಡು ನಕ್ಕಳು. ಅವಳ ಮುಖ ಎಷ್ಟು ಹಗುರಾಯಿತೆಂದರೆ, ಉಳಿದದ್ದನ್ನು ಹೇಳದೆ ಎದ್ದೆ. ಅವಳ ಸಂತೋಷ ಕೆಡಿಸಬಾರದೆಂದು ಸುಮ್ಮನಾದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಆವತ್ತು ಜೀಪಿನಲ್ಲಿ ಹೆದರಿದಂತೆಯೇ ಹೆದರಿದೆ. ದೊಡ್ಡವರು ಕೆಸರು ಕಾಲಿಗೆ ಹೇಳುತ್ತಿದ್ದ ಆ ಕ್ಷಮೆಯ ಮಾತು ನನಗೆ ಬರುತ್ತದೆ, ನಮ್ಮ ಭಾಷೆಯಲ್ಲೂ ಬರುತ್ತದೆ. ಯಾವುದರಲ್ಲೂ ಹೇಳಲಿಲ್ಲ.

ಬರುವಾಗ ಅವಳು ಮೊಮ್ಮಗಳಿಗೆಂದು ಒಂದು ಪೊಟ್ಟಣ ಕಟ್ಟಿಕೊಟ್ಟಳು. ಮೊಮ್ಮಗಳು ಅದನ್ನು ತಿನ್ನುತ್ತಾ "ಯಾರಜ್ಜ ಕೊಟ್ಟಿದ್ದು?" ಎಂದಳು. ಗೊತ್ತಿರೋರು ಎಂದೆ. ಮಾರನೆಯ ದಿನ ಇದನ್ನು ಬರೆಯಲು ಕೂತೆ.

ಬರೆದದ್ದನ್ನು ಮೊದಲು ಮೊಮ್ಮಗಳಿಗೆ ಕೊಡುತ್ತೇನೆ. ಅವಳು ಓದಿದ ಮೇಲೆ ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಹೆದರಿಕೆ ಈಗಲೇ ಇದೆ. ಆದರೂ ಅವಳೇ ನನ್ನನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋಗಲಿ. ನಾನು ದಾರಿಯಲ್ಲಿ ಇಳಿಯದಂತೆ, ಮತ್ತೆ ಅರ್ಧ ಹೇಳಿ ಎದ್ದು ಬರದಂತೆ ಪಕ್ಕದಲ್ಲಿ ಕೂರಲಿ. ಯಾರನ್ನು ಕಾಣಬೇಕೆಂದು ಅವಳಿಗೆ ತಿಳಿಯಲೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಾರುವಾಕೆ. ಐಮಂಗಲದ ಹತ್ತಿರದ ಆ ಮನೆಯ ಮೊದಲ ಸೊಸೆ. ಒಡಹುಟ್ಟಿದವನಲ್ಲದ ನನ್ನನ್ನು ಅಣ್ಣ ಎಂದವಳು.